ಒಂದು ಸಾಲು ಕಡಿಮೆ

ಕಂಪ್ಯೂಟರಿನ ತಲೆಯ ಮೇಲಿದ್ದ ಹಸಿರು ಪೊಟ್ಟಣವನ್ನು ಯಾರೋ ತಿಂದುಬಿಟ್ಟಿದ್ದರು.

ಖಾಲಿ ಪೊಟ್ಟಣ ಅಂಗಳದ ಕಸದ ಬುಟ್ಟಿಯಲ್ಲಿ ಅಚ್ಚುಕಟ್ಟಾಗಿ ಮಡಿಸಿ ಬಿದ್ದಿತ್ತು. ತಿಂದವನು ಸಜ್ಜನನೇ ಇರಬೇಕು. ಆದರೆ ಸಜ್ಜನ ತಿಂದರೂ ದುರ್ಜನ ತಿಂದರೂ ಹೋದದ್ದು ಹೋಯಿತು. ಹೆಸರೇ 'ತೆಪ್ಪಗಿರು' ಎಂದಿರುವ, ತೆಂಗಿನಕಾಯಿ ರುಚಿಯ ಆ ಜೋಳದ ಕುರುಕಲು ತಿಂಡಿ ತಿನ್ನುವುದಕ್ಕಲ್ಲ, ಕಂಪ್ಯೂಟರನ್ನು ಸುಮ್ಮನಿರಿಸುವುದಕ್ಕೆ. ಹಸಿರು ಪೊಟ್ಟಣವೇ ಆಗಬೇಕು, ಹಳದಿ ಇಟ್ಟರೆ ಯಂತ್ರ ಮುನಿಯುತ್ತದೆ. ತಾರೀಖು ಮೀರಿರಬಾರದು, ಯಾರೂ ಬಾಯಿ ಹಾಕಬಾರದು. ಹಾಯ್‌ಪು ಊರಿನ ಬ್ಯಾಂಕು, ಪೊಲೀಸ್ ಠಾಣೆ, ಆಸ್ಪತ್ರೆ ಎಲ್ಲ ಕಡೆಯೂ ಕಂಪ್ಯೂಟರುಗಳು ಈ ಪೊಟ್ಟಣ ಹೊತ್ತುಕೊಂಡೇ ತೆಪ್ಪಗೆ ದುಡಿಯುತ್ತಿದ್ದವು.

"ಇವತ್ತೇ ಆಗಬೇಕಿತ್ತಾ ಇದು?" ಎಂದ ತ್ಸೈ ಪೊ-ಯಾನ್. ಕಂಪ್ಯೂಟರು ಗುರ್ರ್ ಎಂದಿತು, ಅಷ್ಟೇ.

ಅವನು ಮಾಝು ದೇವಿಯ ಗುಡಿಯ ಆಫೀಸಿನಲ್ಲಿ ಹಂಗಾಮಿ ನೌಕರ. ಚಾಂದ್ರಮಾನ ಹೊಸ ವರ್ಷದ ಒಂಬತ್ತನೆಯ ದಿನವಾದ ಇವತ್ತು ಮಧ್ಯಾಹ್ನ ಮೂರಕ್ಕೆ ದೀಪ ಹೊತ್ತಿಸುವ ಮುಹೂರ್ತ. ದೇವಿಯ ಎಡಬಲದ ಗೋಡೆ ತುಂಬ ಬೆರಳುದ್ದದ ದೀಪಗಳು, ಒಂದೊಂದರ ಕೆಳಗೂ ಒಬ್ಬೊಬ್ಬರ ಹೆಸರಿನ ಚೀಟಿ. ಹೆಸರಿದ್ದವರಿಗೆ ವರ್ಷವಿಡೀ ಬೆಳಕು. ಇಲ್ಲದವರು ಕತ್ತಲಲ್ಲಿ ತಡಕಾಡಿಕೊಂಡು ಹನ್ನೆರಡು ತಿಂಗಳು ತಳ್ಳಬೇಕು. ದೀಪ ಇರುವುದು 1,368. ಬೇಕೆನ್ನುವವರು ಅದರ ಎರಡರಷ್ಟು.

ಪೊ-ಯಾನ್‌ಗೆ ಈ ಸಲ ಕಟ್ಟಕಡೆಯ ದೀಪ ಸಿಕ್ಕಿತ್ತು. ಅವನ ಅಮ್ಮ ಎರಡು ವರ್ಷ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಸರದಿಯಲ್ಲಿ ಕೂತು ಬರಿಗೈಲಿ ಬಂದು, ಮೂರನೆಯ ವರ್ಷ ಗಿಟ್ಟಿಸಿದ ದೀಪ ಅದು. ಭಕ್ತಿ ಇರಲಿಲ್ಲವೆಂದಲ್ಲ. ಆದರೆ ಗುಡಿಯ ಕಮಿಟಿಯ ಅಧ್ಯಕ್ಷ ಲಿಯಾವ್ ಮೂರು ವರ್ಷದಿಂದ ಹಾಡುತ್ತಿದ್ದ ಹಾಡು ಒಂದೇ: "ದೇವಿ ಗೋಡೆ ಮೇಲೆ ಹೆಸರಿಲ್ದೋನಿಗೆ ದೇವಿ ಆಫೀಸಲ್ಲಿ ಕಾಯಂ ಕೆಲಸ ಹೆಂಗಪ್ಪಾ ಕೊಡೋದು?" ಈ ನಿಯಮ ಎಲ್ಲೂ ಬರೆದಿರಲಿಲ್ಲ. ಬರೆಯದ ನಿಯಮಕ್ಕೇ ಬಲ ಜಾಸ್ತಿ, ಎಲ್ಲಿ ತೋರಿಸಿ ಎಂದು ಯಾರೂ ಕೇಳುವ ಹಾಗಿಲ್ಲ.

ಮೂರು ವರ್ಷದಿಂದ ಗುಡಿಯ ಮೈಕು, ಕ್ಯಾಮೆರಾ, ದೀಪದ ವೈರು, ಅಧ್ಯಕ್ಷರ ಮೊಬೈಲು, ಅಧ್ಯಕ್ಷರ ಹೆಂಡತಿಯ ಮೊಬೈಲು ಎಲ್ಲವನ್ನೂ ಪೊ-ಯಾನೇ ರಿಪೇರಿ ಮಾಡುತ್ತಿದ್ದ. ಓದು ಅರ್ಧಕ್ಕೆ ಬಿಟ್ಟವನು. ಡೇಟಾಬೇಸಿನ ವಿದ್ಯೆಯನ್ನು ಸಿಂಪಿ ಸುಲಿಯುವ ಶೆಡ್ಡಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿ ಕಲಿತವನು. ಅಂಥವನು ಕಾಲು ಮುರಿದ ಸ್ಟೂಲಿನ ಮೇಲೆ. ಮೌಸನ್ನು ಬೋರಲು ಹಿಡಿದುಕೊಂಡು 'ಇದು ಓಡ್ತಿಲ್ಲ' ಎನ್ನುವ ಕಮಿಟಿಯವರೆಲ್ಲ ತಿರುಗುವ ಕುರ್ಚಿಯ ಮೇಲೆ.

ಇವತ್ತು ದೀಪ ಹೊತ್ತಿದ ಮೇಲೆ ಅಧ್ಯಕ್ಷರು ಕಾಯಂ ಪತ್ರಕ್ಕೆ ಸಹಿ ಹಾಕುವುದೆಂದು ನಿಶ್ಚಯವಾಗಿತ್ತು. ಪತ್ರ ಅವರ ಅಂಗಿಯ ಜೇಬಿನಲ್ಲೇ ಇತ್ತು. ತುದಿ ಮಾತ್ರ ಹೊರಗೆ ಇಣುಕುತ್ತಿತ್ತು, ಚಿಪ್ಪಿನಿಂದ ಆಮೆ ಇಣುಕಿದ ಹಾಗೆ.

ಅದಕ್ಕೆ ಮುಂಚೆ ಉಳಿದದ್ದು ಒಂದೇ ಕೆಲಸ. ಹೆಸರುಗಳೆಲ್ಲ ಹಳೆಯ ಪ್ರೋಗ್ರಾಮಿನ ಪಟ್ಟಿಯಲ್ಲಿದ್ದವು. ಕಮಿಟಿ ಈ ವರ್ಷ ತೈಪೇಯಿಂದ ಹೊಸ ಪ್ರೋಗ್ರಾಮು ತರಿಸಿತ್ತು. ಅದು ಹಳೆಯ ಪಟ್ಟಿಯನ್ನು ತಾನೇ ನುಂಗಿ ತನ್ನ ಹೊಸ ಪಟ್ಟಿ ಮಾಡಿಕೊಂಡಿತ್ತು. ಎರಡೂ ಪಟ್ಟಿ ಸಾಲಿಗೆ ಸಾಲು ತಾಳೆಯಾದರೆ ಚೀಟಿ ಅಚ್ಚು ಹಾಕಿ ಅಂಟಿಸುವುದು.

ಪೊ-ಯಾನ್ ಸಾಲುಗಳನ್ನು ಎಣಿಸಿದ. ಹಳೆಯದರಲ್ಲಿ 1,368. ಹೊಸದರಲ್ಲಿ 1,367.

ಮತ್ತೆ ಎಣಿಸಿದ. ಕಂಪ್ಯೂಟರಿಗೆ ಬೇಜಾರಿಲ್ಲ, ಅದೇ ಉತ್ತರ ಕೊಟ್ಟಿತು.

"ಒಬ್ಬರು ಬಿಟ್ಟೋಗಿದಾರೆ," ಎಂದ ತನಗೆ ತಾನೇ, ಮೆಲ್ಲಗೆ.

"ಯಾರೋ ಬಿಟ್ಟೋಗಿರೋದು?" ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ಸಿಯು-ಕಿಮ್ ಅಕ್ಕ. ಗುಡಿಯ ಕೌಂಟರಿನಲ್ಲಿ ಸೇವೆಗೆ ಕೂರುವ ಹೆಂಗಸರಿಗೆಲ್ಲ ಮುಖ್ಯಸ್ಥೆ, ಆಫೀಸಿನ ಇನ್ನೊಂದು ಬೀಗದ ಕೈ ಇಟ್ಟುಕೊಂಡವಳು. ಸದ್ದಿಲ್ಲದೆ ಬರುವುದರಲ್ಲಿ ಬೆಕ್ಕಿಗೆ ಪಾಠ ಹೇಳಿಕೊಡಬಲ್ಲಳು, ಬಂದಮೇಲೆ ಮಾಡುವ ಸದ್ದಿನಲ್ಲಿ ಪಟಾಕಿಗೆ.

"ಅಕ್ಕ, ಮೇಲಿದ್ದ ಹಸಿರು ಪೊಟ್ಟಣ ಯಾರು ತಿಂದ್ರು?"

"ನಂಗೇನು ಗೊತ್ತು?" ಎಂದು ಸಿಯು-ಕಿಮ್ ಅಕ್ಕ ಥಟ್ಟನೆ ಕೌಂಟರಿನ ಕಡೆ ತಿರುಗಿದಳು. ಅಲ್ಲಿ ಹಳದಿ ರೇನ್‌ಕೋಟು ತೊಟ್ಟ ಸಣಕಲು ಮನುಷ್ಯನೊಬ್ಬ ರಸೀದಿ ಹಿಡಿದು ನಿಂತಿದ್ದ. ಅಕ್ಕ ರಸೀದಿಯ ಮೇಲೆ ಅರ್ಧ ಕಣ್ಣು ಹಾಯಿಸಿ, "ಇದು ಮಾದರಿ ಕಣಪ್ಪಾ. ಅಲ್ಲೇ ಮೇಜಿನ ಮೇಲಿಡು. ನಿಂದು ನೀನು ತಗೊಂಡು ಬಾ," ಎಂದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ಅವನನ್ನು ಬದಿಗೆ ಸರಿಸಿಯಾಗಿತ್ತು.

ಪೊ-ಯಾನ್ ಸ್ಟೂಲನ್ನು ಮುಂದಕ್ಕೆಳೆದುಕೊಂಡ. ಹಳೆಯ ಪಟ್ಟಿಯಲ್ಲಿದ್ದು ಹೊಸದರಲ್ಲಿ ಇಲ್ಲದ ಸಾಲುಗಳನ್ನು ತೋರಿಸು ಎಂದು ಕಂಪ್ಯೂಟರಿಗೆ ಬರೆದು ಒತ್ತಿದ. ಒಂದೇ ಒಂದು ಹೆಸರು ಬರಬೇಕು. ಅವರಿಗೆ ಫೋನು ಮಾಡಿ ಸೇರಿಸಿದರೆ ಐದು ನಿಮಿಷದ ಕೆಲಸ.

ಬಂದದ್ದು 1,368 ಹೆಸರು.

"ಅಯ್ಯೋ ದೇವೀ! ಸಾವಿರದ ಮುನ್ನೂರ ಅರವತ್ತೆಂಟೂ ಇಲ್ವಂತೆ!" ಎಂದು ಸಿಯು-ಕಿಮ್ ಅಕ್ಕ ಕೂಗಿದಳು. "ಇಡೀ ಊರೇ ಕಳೆದೋಯ್ತು!"

"ಅಕ್ಕ, ಅಕ್ಕ, ಹಂಗಲ್ಲ..."

ಆಗಲೇ ತಡವಾಗಿತ್ತು. ಧೂಪ ಕೊಳ್ಳಲು ನಿಂತಿದ್ದ ಮೀನುಂಡೆ ಅಂಗಡಿಯವನು ಸ್ಕೂಟರು ಏರಿದ. ಹತ್ತು ನಿಮಿಷದಲ್ಲಿ ಮಾರುಕಟ್ಟೆಯೆಲ್ಲ ಗುಡಿಯ ಅಂಗಳದಲ್ಲಿತ್ತು. ಒಬ್ಬಳು ಅರ್ಧ ಕೊಚ್ಚಿದ ಕೋಳಿಯನ್ನು ಕೈಲಿ ಹಿಡಿದುಕೊಂಡೇ ಬಂದಿದ್ದಳು.

"ನನ್ ಮಗಂದು ಪರೀಕ್ಷೆ ವರ್ಷ ಕಣೋ! ದೀಪ ಇಲ್ದಿದ್ರೆ ಫೇಲಾದ್ರೆ ನೀನು ಹೊಣೆನಾ?"

"ನಮ್ಮೋರು ಮೊನ್ನೆ ದೋಣಿ ತೊಗೊಂಡಿದಾರೆ! ಕತ್ತಲಲ್ಲಿ ಕಳಿಸ್ಲಾ ಸಮುದ್ರಕ್ಕೆ?"

ಪೊ-ಯಾನ್‌ಗೆ ಕಾರಣ ಅಷ್ಟರಲ್ಲಿ ಹೊಳೆದಿತ್ತು. ಹಳೆಯ ಪ್ರೋಗ್ರಾಮು ಹುಟ್ಟಿದ ವರ್ಷವನ್ನು 1912ರಲ್ಲಿ ಗಣರಾಜ್ಯ ಹುಟ್ಟಿದಲ್ಲಿಂದ ಲೆಕ್ಕ ಹಾಕಿ 'ಎಪ್ಪತ್ತು' ಎಂದು ಬರೆಯುತ್ತಿತ್ತು. ಊರಿನವರೆಲ್ಲ ಬರೆಯುವುದೇ ಹಾಗೆ. ತೈಪೇಯ ಹೊಸ ಪ್ರೋಗ್ರಾಮು ಅದನ್ನೇ 1981 ಎಂದು ಬರೆದುಕೊಂಡಿತ್ತು. ಮನುಷ್ಯ ಅದೇ, ಹುಟ್ಟು ಅದೇ, ಆದರೆ ಕಂಪ್ಯೂಟರಿನ ಕಣ್ಣಿಗೆ ಒಬ್ಬರೂ ತಾಳೆಯಾಗಿರಲಿಲ್ಲ. ಅವನು ಹಳೆಯ ವರ್ಷಗಳಿಗೆಲ್ಲ ಸಾವಿರದ ಒಂಬೈನೂರ ಹನ್ನೊಂದು ಕೂಡಿಸಿ ಮತ್ತೆ ಒತ್ತಿದ.

ಈಗ ಬಂದದ್ದು 213.

"ನೋಡಿ, ಕಡಿಮೆ ಆಯ್ತು," ಎಂದ ಅಂಗಳಕ್ಕೆ ಕೇಳುವಂತೆ.

"ಇನ್ನೂ ಇನ್ನೂರ ಹದಿಮೂರು ಜನ ಸತ್ರಾ?" ಎಂದಳು ಕೋಳಿಯವಳು.

ಅವನು ಸಾಲುಗಳನ್ನು ಮೇಲಿನಿಂದ ನೋಡುತ್ತ ಹೋದ. ವಿಚಿತ್ರವಾಗಿತ್ತು. ಹೆಸರು ಅದೇ, ದೀಪದ ನಂಬರು ಅದೇ, ಹುಟ್ಟಿದ ವರ್ಷ ಮಾತ್ರ ಬೇರೆ. ನೋಡಿದಷ್ಟೂ ಹೆಂಗಸರು. ಹೊಸ ಪಟ್ಟಿಯಲ್ಲಿ ಅವರ ವಯಸ್ಸು ಮೂರರಿಂದ ಒಂಬತ್ತು ವರ್ಷ ಜಾಸ್ತಿ.

"ಸಿಯು-ಕಿಮ್ ಅಕ್ಕ," ಎಂದ ನಿಧಾನವಾಗಿ, "ಹಬ್ಬದ ರಜೆಲಿ ಈ ಕಂಪ್ಯೂಟರ್ ಮುಂದೆ ಕೂತಿದ್ರಾ?"

"ಕೂತಿದ್ದೆ. ಏನೀಗ? ತಪ್ಪಿದ್ದಿದ್ದನ್ನ ತಿದ್ದಿದೆ." ಅಕ್ಕನ ದನಿಯಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. "ಆ ಮೀನುಂಡೆಯವನ ಹೆಂಡ್ತಿ ಐವತ್ತೆರಡು ಅಂತ ಬರೆಸಿದಾಳೆ. ನಾನು ಆರನೇ ಕ್ಲಾಸಲ್ಲಿದ್ದಾಗ ಅವಳು ಮದುವೆ ಆದೋಳು! ಸುಳ್ಳು ವಯಸ್ಸು ಕೊಟ್ರೆ ದೇವಿ ಆಶೀರ್ವಾದ ಯಾರೋ ಆರು ವರ್ಷ ಚಿಕ್ಕೋಳಿಗೆ ಹೋಗುತ್ತೆ. ಊರಿನ ಒಳ್ಳೇದಕ್ಕೇ ಮಾಡಿದ್ದು."

ಮೀನುಂಡೆಯವನ ಹೆಂಡತಿ ಸರಿಯಾಗಿ ಮೂರು ಹೆಜ್ಜೆ ಹಿಂದೆ ನಿಂತಿದ್ದಳು.

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯುವುದು ಸಭ್ಯತೆಯಲ್ಲ. ಅಕ್ಕ ವಯಸ್ಸು ತಿದ್ದಿದ್ದ ಹೆಂಗಸರಲ್ಲಿ ಎಂಬತ್ತು ಮಂದಿಯಾದರೂ ಅಂಗಳದಲ್ಲಿದ್ದರು. ಒಬ್ಬೊಬ್ಬಳೂ ತನ್ನ ವಯಸ್ಸನ್ನು ಮುಚ್ಚಿ ಪಕ್ಕದವಳ ವಯಸ್ಸನ್ನು ಸಾರಿದಳು. ಗಲಾಟೆ ಕೇಳಿ ಅಧ್ಯಕ್ಷ ಲಿಯಾವ್ ಬಾಯಲ್ಲಿದ್ದ ಅನಾನಸ್ ಕೇಕನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಓಡಿಬಂದರು. ಆ ಸದ್ದಿನಲ್ಲಿ ಹಳದಿ ರೇನ್‌ಕೋಟಿನ ಮನುಷ್ಯ ಎರಡು ಸಲ ಕೌಂಟರಿನವರೆಗೆ ಬಂದ, ಎರಡು ಸಲವೂ ಅಲೆ ದಡದ ಕಸವನ್ನು ಎಳೆದುಕೊಂಡು ಹೋಗುವಂತೆ ಹೆಂಗಸರು ಅವನನ್ನು ಹಿಂದಕ್ಕೆಳೆದುಕೊಂಡು ಹೋದರು.

"ಏನಯ್ಯಾ ಇದು? ಎಷ್ಟು ದೀಪ ಇದೆ ನಮ್ಮತ್ರ, ಅದನ್ನ ಹೇಳು ಮೊದ್ಲು!" ಎಂದರು ಅಧ್ಯಕ್ಷರು.

"ಸಾವಿರದ ಮುನ್ನೂರ ಅರವತ್ತೆಂಟು, ಅಧ್ಯಕ್ಷರೇ."

ಅಧ್ಯಕ್ಷರು ಗೋಡೆಯ ಕೊನೆಯ ದೀಪದ ಹತ್ತಿರ ಹೋಗಿ, ಕನ್ನಡಕ ಏರಿಸಿ, ಅದರ ನಂಬರು ಓದಿದರು. ಅದು ಪೊ-ಯಾನನದೇ ದೀಪ. ಅಧ್ಯಕ್ಷರ ಮುಖ ಬಿಳಿಚಿತು.

"ಸಾವಿರದ ಎಂಟುನೂರ ತೊಂಬತ್ತು ಅಂತ ಇದೆಯಲ್ಲೋ! ಐನೂರ ಇಪ್ಪತ್ತೆರಡು ದೀಪ ಎಲ್ಲೋ ಹೋಯ್ತು? ಕಳ್ಳತನ! ಗುಡಿಲಿ ಕಳ್ಳತನ! ಯಾರೂ ಅಂಗಳ ಬಿಟ್ಟು ಹೋಗೋ ಹಾಗಿಲ್ಲ!"

ಇನ್ನೂರ ಹದಿಮೂರು ಸಾಲು ಮರೆತುಹೋಗಿ ಐನೂರ ಇಪ್ಪತ್ತೆರಡು ದೀಪ ಶುರುವಾಯಿತು. ಪೊ-ಯಾನ್ ಏನೋ ಹೇಳಲು ಹೋದರೆ ಅಧ್ಯಕ್ಷರು ಕೈಯೆತ್ತಿ ತಡೆದರು. ಇಪ್ಪತ್ತು ನಿಮಿಷ ಜನ ಒಬ್ಬರ ಚೀಲವನ್ನೊಬ್ಬರು ನೋಡಿದ ಮೇಲೆ, ಧೂಪದ ಕುಂಡದ ಬೂದಿ ಕೆದಕುತ್ತಿದ್ದ ಗುಡಿಯ ಮುದುಕ ಅ-ಟಿಂಗ್ ಅಜ್ಜ ತಲೆಯೆತ್ತದೆ ಹೇಳಿದ:

"ನಾಲ್ಕು ಸಾವಿನ ಅಂಕಿ, ನಾಲ್ಕಿರೋ ನಂಬರು ಒಂದೂ ಬೇಡ ಅಂತ ಗೋಡೆ ಕಟ್ಟಿಸ್ದಾಗ ಹಟ ಹಿಡಿದೋರು ಯಾರು?"

ಅಂಗಳ ಗೋಡೆಯ ಕಡೆ ತಿರುಗಿತು. ಮೂರಾದ ಮೇಲೆ ಐದು, ಮೂವತ್ತೊಂಬತ್ತಾದ ಮೇಲೆ ಐವತ್ತು, ಮುನ್ನೂರ ತೊಂಬತ್ತೊಂಬತ್ತಾದ ಮೇಲೆ ನೇರ ಐನೂರು. ಹಟ ಹಿಡಿದವರು ಅಧ್ಯಕ್ಷರೇ. ಅವರು ಕೆಮ್ಮಿದರು. ಅನಾನಸ್ ಕೇಕಿನ ಕೊನೆಯ ಚೂರು ಆಗ ಇಳಿಯಿತು.

"ಅದು ನಂಗೊತ್ತಿತ್ತು. ನಿಮಗೆ ಗೊತ್ತಿದೆಯಾ ಅಂತ ನೋಡ್ದೆ. ಲೋ ಪೊ-ಯಾನ್, ಹನ್ನೆರಡು ಗಂಟೆ ಒಳಗೆ ಆ ಒಬ್ಬ ಯಾರು ಅಂತ ಹೇಳ್ದಿದ್ರೆ..." ಅವರು ಮಾತು ಮುಗಿಸಲಿಲ್ಲ. ಜೇಬಿನಿಂದ ಇಣುಕುತ್ತಿದ್ದ ಪತ್ರವನ್ನು ಎರಡು ಬೆರಳಿನಿಂದ ಒಳಗೆ ತಳ್ಳಿದರು. ಆಮೆ ಚಿಪ್ಪಿಗೆ ಹೋಯಿತು.

ಹನ್ನೊಂದೂವರೆ. ಪೊ-ಯಾನ್ ಬೆವರೊರೆಸಿಕೊಂಡು ಕೂತ. ವಯಸ್ಸಿನ ಸಹವಾಸವೇ ಬೇಡ, ಹೆಸರು ಮತ್ತು ದೀಪದ ನಂಬರು ಎರಡನ್ನು ಮಾತ್ರ ಹೋಲಿಸು ಎಂದು ಬರೆದು, ತಲೆಯ ಮೇಲೆ ಪೊಟ್ಟಣವಿಲ್ಲದ ಬೋಳು ಕಂಪ್ಯೂಟರಿಗೆ ಮನಸ್ಸಿನಲ್ಲೇ ಕೈಮುಗಿದು ಒತ್ತಿದ.

ಪರದೆ ಒಂದು ಗಳಿಗೆ ಯೋಚಿಸಿತು. ಆಮೇಲೆ ಒಂದೇ ಒಂದು ಸಾಲು ಬಂತು.

"ವಾಂಗ್ ಶಿಯಾವ್-ಮಿಂಗ್!" ಎಂದು ಸಿಯು-ಕಿಮ್ ಅಕ್ಕ ಅವನ ಭುಜದ ಮೇಲಿಂದ ಓದಿ ಅಂಗಳಕ್ಕೆ ಎಸೆದಳು. "ಸಿಕ್ತು! ಬಿಟ್ಟೋದೋನು ವಾಂಗ್ ಶಿಯಾವ್-ಮಿಂಗ್!"

"ಓ, ಶಿಯಾವ್-ಮಿಂಗಾ?" ಎಂದಿತು ಅಂಗಳ. ಇಪ್ಪತ್ತು ಕೈ ಮೇಲೆದ್ದವು. "ನಂಗೊತ್ತು ಅವನು! ಪ್ರೈಮರಿ ಸ್ಕೂಲಲ್ಲಿ ನನ್ ಹಿಂದೆ ಕೂರ್ತಿದ್ದ."

"ನಿನ್ ಹಿಂದೆಲ್ಲ, ನನ್ ಪಕ್ಕ. ಗಣಿತದಲ್ಲಿ ದಡ್ಡ. ಯಾವಾಗ್ಲೂ ಸೇಬು ಲೆಕ್ಕ ಮಾಡ್ತಿದ್ದ."

"ಅವನ ಮದುವೇಲಿ ಊಟ ಮಾಡಿದೀನಿ ಕಣ್ರೇ. ಸೀಗಡಿ ಬೆಂದಿರ್ಲಿಲ್ಲ."

"ಪಾಪ, ಒಳ್ಳೇ ಹುಡ್ಗ. ಅವನ ದೀಪಾನೇ ಹೋಯ್ತಾ?"

ಕೈಯೆತ್ತಿದವರಲ್ಲಿ ಹಳದಿ ರೇನ್‌ಕೋಟಿನವನೂ ಇದ್ದ. ಎರಡು ಕೈಯನ್ನೂ ಎತ್ತಿದ್ದ. ಆದರೆ ಆ ಗದ್ದಲದಲ್ಲಿ ಯಾರಿಗೆ ಯಾರ ಕೈ.

ಇತ್ತ ಪೊ-ಯಾನ್ ಆ ಸಾಲನ್ನು ಮತ್ತೆ ಓದಿದ. ವಾಂಗ್ ಶಿಯಾವ್-ಮಿಂಗ್ ಯಾರೆಂದು ಅಲ್ಲಿ ಸರಿಯಾಗಿ ಗೊತ್ತಿದ್ದವನು ಅವನೊಬ್ಬನೇ. ಅವನು ಯಾರೂ ಅಲ್ಲ. ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಅರ್ಜಿ ತುಂಬುವುದು ಹೇಗೆಂದು ತೋರಿಸಲು ಮೇಜಿನ ಗಾಜಿನಡಿ ಒಂದು ಮಾದರಿ ಇಟ್ಟಿರುತ್ತಾರಲ್ಲ, ಅದರ ಮೇಲಿರುವ ಹೆಸರು ಅದು. ಒಂದನೇ ಕ್ಲಾಸಿನ ಲೆಕ್ಕದ ಪುಸ್ತಕದಲ್ಲಿ ಐದು ಸೇಬಿನಲ್ಲಿ ಎರಡು ತಿನ್ನುವವನೂ ಅವನೇ. ಇಡೀ ದೇಶಕ್ಕೆ ಅವನ ಪರಿಚಯ. ಅವನನ್ನು ನೋಡಿದವರಿಲ್ಲ.

ಸಾಲಿನಲ್ಲಿ ಉಳಿದದ್ದೂ ಅದೇ ವೇಷ. ಹುಟ್ಟಿದ್ದು ಎಪ್ಪತ್ತನೇ ಇಸವಿ ಒಂದನೇ ತಿಂಗಳು ಒಂದನೇ ತಾರೀಖು. ವಿಳಾಸ ಝೊಂಗ್‌ಶಾನ್ ರಸ್ತೆ, ಒಂದನೇ ನಂಬರು. ದೀಪ 1206. ಮೂರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ದಿನ, ಪ್ರೋಗ್ರಾಮು ಓಡುತ್ತದೆಯೋ ಇಲ್ಲವೋ ನೋಡೋಣವೆಂದು ಪೊ-ಯಾನ್ ಇದೇ ಹೆಸರನ್ನು, ಇದೇ ತಾರೀಖನ್ನು ತುಂಬಿ ನೋಡಿದ್ದ. ಅಳಿಸಿದ್ದೆನೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

"ಅಧ್ಯಕ್ಷರೇ, ಒಂದು ಮಾತು," ಎಂದ ಹುಷಾರಾಗಿ. "ಯಾರೋ ಕಣ್ತಪ್ಪಿನಿಂದ, ಸುಮ್ನೆ ಪರೀಕ್ಷೆಗೆ ಅಂತ, ಇಲ್ದೇ ಇರೋರ ಹೆಸರನ್ನ ದೇವಿ ಪಟ್ಟಿಲಿ ಬರೆದುಬಿಟ್ರೆ..."

"ದೇವಿ ಮುಂದೆ ತಮಾಷೆನಾ?" ಅಧ್ಯಕ್ಷರು ಹುಬ್ಬೇರಿಸಿದರು. "ಅಂಥೋನು ನನ್ ಕೈಗೆ ಸಿಕ್ಲಿ. ಸಿಂಪಿ ಸುಲಿಯೋಕೂ ಯಾರೂ ಇಟ್ಕೋಬಾರದು, ಹಂಗೆ ಮಾಡ್ತೀನಿ. ಯಾಕೆ?"

"ಏನಿಲ್ಲ."

ಅವನ ಮನೆಯಲ್ಲಿ ಅಮ್ಮನ ಪ್ಲಾಸ್ಟಿಕ್ ಸ್ಟೂಲು ಬಾಗಿಲ ಹಿಂದೆ ಒರಗಿತ್ತು. ಇನ್ನು ಅದರ ಕೆಲಸ ಮುಗಿಯಿತು ಎಂದು ಅಮ್ಮ ನಿನ್ನೆ ತಾನೇ ತೊಳೆದಿಟ್ಟಿದ್ದಳು. ಅದು ಕಣ್ಣಿಗೆ ಕಟ್ಟಿತು. ಪೊ-ಯಾನ್ ಹಳೆಯ ಪಟ್ಟಿ ತೆರೆದು ಆ ಸಾಲನ್ನು ಅಳಿಸಿದ. ಅಲ್ಲೂ 1,367, ಇಲ್ಲೂ 1,367.

"ತಾಳೆ ಆಯ್ತು ಅಧ್ಯಕ್ಷರೇ! ಆ ವಾಂಗ್ ಅನ್ನೋರನ್ನ ಹಳೇ ಪಟ್ಟಿಯಿಂದ್ಲೂ ತೆಗೆದೆ. ಅವರು... ಅವರು ಊರು ಬಿಟ್ರಂತೆ. ದೀಪ ಬೇಡ ಅಂದ್ರಂತೆ."

ಸುಳ್ಳು ಕುಂಟುತ್ತಿತ್ತು. ಆದರೆ ಊರಿನವರು ಬಿಡಲಿಲ್ಲ, ಎರಡೂ ಕಡೆಯಿಂದ ಹೆಗಲು ಕೊಟ್ಟರು.

"ಹೌದೌದು, ಕಾವ್‌ಶಿಯುಂಗ್‌ಗೆ ಹೋದ. ಲಾರಿಗೆ ಸಾಮಾನು ತುಂಬೋವಾಗ ನಾನೇ ಇದ್ದೆ," ಎಂದ ಮೀನುಂಡೆಯವನು.

"ಹೆಂಡ್ತಿ ಜೊತೆ ಜಗಳ," ಎಂದಳು ಕೋಳಿಯವಳು. "ಆ ಸೀಗಡಿ ವಿಚಾರಕ್ಕೇ ಶುರುವಾಗಿದ್ದು."

ಅಧ್ಯಕ್ಷರ ಮುಖ ಅರಳಿತು. "ಅಂದ್ರೆ ಒಂದು ದೀಪ ಖಾಲಿ!" ಎಂದು ಅವರು ಆಗಲೇ ಮೊಬೈಲು ಕಿವಿಗಿಟ್ಟಿದ್ದರು. ಪಟ್ಟಣದ ಮುಖ್ಯಸ್ಥರಿಗೆ ಮೊನ್ನೆ ಮೊನ್ನೆ ಮೊಮ್ಮಗ ಹುಟ್ಟಿದ್ದ. ಐದು ನಿಮಿಷದಲ್ಲಿ ಒಂದು ತಿಂಗಳೂ ತುಂಬದ ಆ ಕೂಸು ಎರಡೂ ಪಟ್ಟಿಗೆ ಸೇರಿ 1206ನೇ ದೀಪದ ಒಡೆಯನಾಯಿತು. ಸರದಿಯಲ್ಲಿ ಮೂರು ವರ್ಷ ಸ್ಟೂಲು ಹಾಕಿ ಕೂತವರಿಗೆ ಇಲ್ಲದ ಚುರುಕು ದೊಡ್ಡವರ ಮೊಮ್ಮಕ್ಕಳಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಪೊ-ಯಾನ್ ಹಲ್ಲು ಕಚ್ಚಿದ, ಆದರೂ ಬೆರಳು ಒತ್ತಿತು. ಸಾವಿರದ ಮುನ್ನೂರ ಅರವತ್ತೆಂಟು, ಸಾವಿರದ ಮುನ್ನೂರ ಅರವತ್ತೆಂಟು. ಚೀಟಿಗಳು ಅಚ್ಚಾದವು. ಒಂದು ಗಂಟೆ ಹೊತ್ತು ಊರೆಲ್ಲ ಸೇರಿ ಅಂಟಿಸಿದರು. ಒಬ್ಬರ ವಯಸ್ಸು ಒಬ್ಬರು ಸಾರಿದ್ದ ಹೆಂಗಸರೇ ಈಗ ಒಬ್ಬರ ಏಣಿಯನ್ನು ಒಬ್ಬರು ಹಿಡಿದುಕೊಂಡಿದ್ದರು.

ಮೂರಕ್ಕೆ ಗಂಟೆ ಹೊಡೆಯಿತು. ಅಧ್ಯಕ್ಷರು ಗುಂಡಿ ಒತ್ತಿದರು. ಎರಡು ಗೋಡೆಯೂ ಒಟ್ಟಿಗೆ ಹೊತ್ತಿಕೊಂಡು, ಹೊಗೆ ಹಿಡಿದ ದೇವಿಯ ಕಪ್ಪು ಮುಖ ಬಂಗಾರವಾಯಿತು. ಎಷ್ಟು ಸಲ ನೋಡಿದ್ದರೂ ಜನ ಹಾ ಎಂದರು. ಕಟ್ಟಕಡೆಗೆ, ಮೂಲೆಯಲ್ಲಿ, 1890ರ ಕೆಳಗೆ 'ತ್ಸೈ ಪೊ-ಯಾನ್' ಎಂಬ ಚೀಟಿ ಬೆಳಗುತ್ತಿತ್ತು. ಅವನು ಮೊಬೈಲಿನಲ್ಲಿ ಫೋಟೊ ತೆಗೆದು ಅಮ್ಮನಿಗೆ ಕಳಿಸಿದ.

ಅಧ್ಯಕ್ಷರು ಜೇಬಿನಿಂದ ಪತ್ರ ತೆಗೆದು ಬಿಡಿಸಿದರು. ಪೆನ್ನಿನ ಮುಚ್ಚಳ ತೆಗೆದರು.

"ಒಂದ್ನಿಮಿಷ," ಎಂದಿತು ಒಂದು ಸಣ್ಣ ದನಿ. "ನನ್ ದೀಪ ಕಾಣ್ತಿಲ್ಲ."

ಹಳದಿ ರೇನ್‌ಕೋಟು. ಬೆಳಿಗ್ಗೆಯಿಂದ ನೂಕಿಸಿಕೊಂಡು ನೂಕಿಸಿಕೊಂಡು ಅದರ ಒಂದು ತೋಳೇ ಹರಿದಿತ್ತು. ಅವನು ರಸೀದಿ ಚಾಚಿದ.

"ಮತ್ತೆ ತಂದ್ಯಾ ಅದನ್ನ?" ಎಂದಳು ಸಿಯು-ಕಿಮ್ ಅಕ್ಕ. "ಬೆಳಿಗ್ಗೆನೇ ಹೇಳ್ಲಿಲ್ವಾ, ಇದು ಮಾದರಿ ಅಂತ?"

"ಮಾದರಿ ಅಲ್ಲ ಅಕ್ಕ," ಎಂದ ಅವನು. "ಇದು ನಾನು."

ಅಧ್ಯಕ್ಷರು ರಸೀದಿ ಇಸಿದುಕೊಂಡು ಓದಿದರು. ವಾಂಗ್ ಶಿಯಾವ್-ಮಿಂಗ್. ದೀಪ 1206. ಕೆಳಗೆ ಹನ್ನೊಂದನೇ ತಿಂಗಳ ತಾರೀಖು, ಅದರ ಮೇಲೆ ಸಿಯು-ಕಿಮ್ ಅಕ್ಕನದೇ ಕೆಂಪು ಮುದ್ರೆ.

"ನಾನು ಟೀವಿಲಿ ಸೀರಿಯಲ್ ನೋಡ್ತಾ ಬರ್ಕೊಂಡಿರ್ಬೇಕು," ಎಂದಳು ಅಕ್ಕ ಮೊದಲ ಸಲ ಮೆಲ್ಲಗೆ.

ಆ ಮನುಷ್ಯ ಜೇಬಿನಿಂದ ಗುರುತಿನ ಚೀಟಿ ತೆಗೆದ. ಅಭ್ಯಾಸವಾದವನ ಹಾಗೆ, ಕೇಳುವ ಮೊದಲೇ ವಿವರಿಸಿದ. "ನಮ್ಮಪ್ಪಂಗೆ ಓದು ಬರ್ತಿರ್ಲಿಲ್ಲ ಸ್ವಾಮಿ. ನಾನು ಹುಟ್ಟಿದಾಗ ನೋಂದಣಿ ಆಫೀಸಿಗೆ ಹೋಗಿ, ಮೇಜಿನ ಮೇಲಿದ್ದ ಮಾದರಿ ನೋಡ್ಕೊಂಡು ಹಂಗೇ ಗೀಚಿ ಕೊಟ್ಬಂದ. ಹೆಸರು, ತಾರೀಖು, ಎಲ್ಲ. ಗುಮಾಸ್ತ, 'ಇಷ್ಟು ತಪ್ಪಿಲ್ದೆ ತುಂಬಿದೋರನ್ನ ನಾನು ನೋಡೇ ಇಲ್ಲ' ಅಂತ ಹೊಗಳಿದ್ನಂತೆ. ಅಲ್ಲಿಂದ ಇವತ್ತಿನವರೆಗೂ ನನ್ನ ಅರ್ಜಿ ಯಾವ ಕಂಪ್ಯೂಟರಿಗೂ ಇಳಿಯಲ್ಲ. ಮಾದರಿ ಅಂತ ತಾನೇ ತೆಗೆದು ಬಿಸಾಕುತ್ತೆ."

"ಮತ್ತೆ ಝೊಂಗ್‌ಶಾನ್ ರಸ್ತೆ ಒಂದನೇ ನಂಬರು?" ಎಂದ ಪೊ-ಯಾನ್.

"ಬಾಡಿಗೆಗೆ ಅದೊಂದೇ ಖಾಲಿ ಇತ್ತು. ಏನ್ಮಾಡ್ಲಿ?"

ಮೂರು ವರ್ಷದ ಹಿಂದೆ ತಾನು ಬರೆದ ಸಾಲನ್ನು ಅದೇ ದಿನ ಸಂಜೆ ಅಳಿಸಿದ್ದು ಪೊ-ಯಾನ್‌ಗೆ ಈಗ, ಈ ಗಳಿಗೆಯಲ್ಲಿ, ಸ್ವಚ್ಛವಾಗಿ ನೆನಪಾಯಿತು.

"ನೀನು ಇವ್ರು ಊರು ಬಿಟ್ರು ಅಂದ್ಯಲ್ಲೋ!" ಎಂದರು ಅಧ್ಯಕ್ಷರು.

"ಹೌದು, ಇವನೇ ಅಂದಿದ್ದು," ಎಂದ ಮೀನುಂಡೆಯವನು. ಲಾರಿಯ ವಿಷಯ ಎತ್ತಲಿಲ್ಲ. ಸೀಗಡಿ ಬೆಂದಿರಲಿಲ್ಲ ಎಂದವಳು ಆ ಮನುಷ್ಯನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನಿಂಗೆ ಮದುವೆ ಆಗಿದ್ಯೇನಪ್ಪಾ?" ಎಂದು ಕೇಳಿದಳು. "ಎಲ್ಲಿ ಬಂತಮ್ಮಾ, ಮದುವೆ ಮಂಟಪದವರೂ ಅರ್ಜಿ ತಗೊಳಲ್ಲ," ಎಂದ ಅವನು.

ದೀಪ ಕೊಟ್ಟ ಮೇಲೆ ಇಲ್ಲವೆನ್ನುವ ಹಾಗಿಲ್ಲ. ಮುಖ್ಯಸ್ಥರ ಮೊಮ್ಮಗನ ಚೀಟಿ ಕೀಳುವ ಮಾತನ್ನು ಅಧ್ಯಕ್ಷರು ಕನಸಿನಲ್ಲೂ ಆಡುವವರಲ್ಲ. ಹಾಗಾದರೆ ಯಾರ ದೀಪ? ದೇವಿಯನ್ನೇ ಕೇಳುವುದೆಂದಾಯಿತು. ಅ-ಟಿಂಗ್ ಅಜ್ಜ ಅರ್ಧಚಂದ್ರದ ಎರಡು ಕೆಂಪು ಮರದ ತುಂಡು ತಂದ. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ದೇವಿ ಹೂಂ ಎಂದ ಹಾಗೆ. ಮೂರು ಸಲ ಬಿದ್ದರೆ ಆಜ್ಞೆ. ಎರಡೂ ಅಂಗಾತ ಬಿದ್ದರೆ ದೇವಿ ನಗುತ್ತಿದ್ದಾಳೆ.

"ಅಮ್ಮಾ, ನನ್ ದೀಪ ಕೊಡ್ಲಾ?" ಎಂದು ಅಧ್ಯಕ್ಷರು ಧೈರ್ಯವಾಗಿ ಎಸೆದರು. ದೇವಿ ನಕ್ಕಳು.

"ನಂದು?" ಎಂದಳು ಸಿಯು-ಕಿಮ್ ಅಕ್ಕ ಕಣ್ಣು ಮುಚ್ಚಿಕೊಂಡು. ದೇವಿ ಮತ್ತೂ ನಕ್ಕಳು.

ಅಜ್ಜ ತುಂಡುಗಳನ್ನು ಪೊ-ಯಾನನ ಅಂಗೈಯಲ್ಲಿಟ್ಟ. "ಕೇಳಿಬಿಡು ಮಗಾ," ಎಂದ, ಹೆಗಲು ಸವರಿ.

ಹೂಂ. ಹೂಂ. ಹೂಂ. ಅಷ್ಟು ನೀಟಾಗಿ ಬಿದ್ದದ್ದನ್ನು ಅಜ್ಜ ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ.

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿ, ಪತ್ರವನ್ನು ಮಡಿಸಿದ ಗೆರೆಯಲ್ಲೇ ಮಡಿಸಿದರು. "ಬರೋ ವರ್ಷ ನೋಡೋಣ ಕಣೋ. ಅಮ್ಮಂಗೆ ಸ್ಟೂಲು ಜೋಪಾನವಾಗಿಟ್ಕೊಳೋಕೆ ಹೇಳು." ದನಿಯಲ್ಲಿ ಕೆಡುಕಿರಲಿಲ್ಲ. ಅದೇ ಇನ್ನೂ ಕೆಡುಕು.

ಜನ ಚದುರಿದರು. ಕೋಳಿಯವಳು ಕೋಳಿಯ ಸೂಪು ಕಳಿಸುತ್ತೇನೆಂದಳು. ಪೊ-ಯಾನ್ ಆಫೀಸಿಗೆ ಬಂದು ಕಾಲು ಮುರಿದ ಸ್ಟೂಲಿನ ಮೇಲೆ ಕೂತು, ಹೊಸ ಪಟ್ಟಿಯಲ್ಲಿ ತನ್ನ ಸಾಲನ್ನು ತೆಗೆದು ವಾಂಗ್ ಶಿಯಾವ್-ಮಿಂಗ್‌ನದನ್ನು ಬರೆದ. ಪ್ರೋಗ್ರಾಮು ಅದನ್ನು ಮೂರು ಸಲ ಉಗುಳಿತು. ಅವನು ಮೂರು ಸಲವೂ ತುರುಕಿದ.

ಬಾಗಿಲಲ್ಲಿ ಹಳದಿ ರೇನ್‌ಕೋಟು ಹಿಂಜರಿಯುತ್ತ ನಿಂತಿತ್ತು. ಕೈಯಲ್ಲಿ ಎದುರಿನ ಅಂಗಡಿಯಿಂದ ಕೊಂಡ ಹೊಸ ಹಸಿರು ಪೊಟ್ಟಣ.

"ತಪ್ಪು ತಿಳ್ಕೋಬೇಡಿ ತಮ್ಮಾ. ಬೆಳಿಗ್ಗೆ ಆರಕ್ಕೇ ಬಂದಿದ್ದೆ. ಕಾಯ್ತಾ ಕೂತಿರು ಅಂತ ಈ ಅಕ್ಕನೇ ಒಂದು ಪೊಟ್ಟಣ ಕೊಟ್ರು, ತಿಂದ್ಬಿಟ್ಟೆ. ಅದು ಇದರದ್ದು ಅಂತ ಗೊತ್ತಿರ್ಲಿಲ್ಲ." ಅವನು ಪೊಟ್ಟಣವನ್ನು ಎರಡು ಕೈಯಿಂದ ಕಂಪ್ಯೂಟರಿನ ತಲೆಯ ಮೇಲಿಟ್ಟು ನಮಸ್ಕಾರ ಮಾಡಿ ಹೋದ.

ಪೊ-ಯಾನ್ ಸಿಯು-ಕಿಮ್ ಅಕ್ಕನ ಕಡೆ ತಿರುಗಿದ. ಅಕ್ಕ ಸೂರಿನ ಮೇಲಿನ ಡ್ರ್ಯಾಗನ್‌ಗಳನ್ನು ಎಣಿಸುತ್ತಿದ್ದಳು.

ಎರಡು ಪಟ್ಟಿಯಲ್ಲೂ 1,368 ಇತ್ತು. ಎಣಿಕೆ ತಾಳೆಯಾದರೆ ಹೆಸರು ತಾಳೆಯಾದಂತಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕಸುಬಿನ ಚಟ ಬಿಡುವುದಿಲ್ಲ. ಹೆಸರು, ನಂಬರು ಮಾತ್ರ ಹೋಲಿಸಿ ಹಳೆಯದರಲ್ಲಿದ್ದು ಹೊಸದರಲ್ಲಿಲ್ಲದ ಸಾಲು ತೋರಿಸು ಎಂದು ಇನ್ನೊಮ್ಮೆ ಒತ್ತಿದ. ಹಸಿರು ಪೊಟ್ಟಣ ಹೊತ್ತ ಕಂಪ್ಯೂಟರು ಈ ಸಲ ಗುರ್ರ್ ಎನ್ನಲಿಲ್ಲ, ತಡೆಯಲಿಲ್ಲ. ಥಟ್ಟನೆ, ವಿನಯದಿಂದ, ಒಂದೇ ಒಂದು ಸಾಲು ತೋರಿಸಿತು.

ತ್ಸೈ ಪೊ-ಯಾನ್. ದೀಪ 1890.

"ಅಧ್ಯಕ್ಷರೇ!" ಎಂದು ಸಿಯು-ಕಿಮ್ ಅಕ್ಕ ಅಭ್ಯಾಸಬಲದಿಂದ ಕೂಗಿದಳು. "ಇನ್ನೂ ಒಂದು ಸಾಲು ತಾಳೆ ಆಗ್ತಿಲ್ವಂತೆ!"

"ಒಂದೇ ತಾನೇ?" ಎಂದಿತು ಒಳಕೋಣೆಯಿಂದ ಅನಾನಸ್ ಕೇಕು ತುಂಬಿದ ಬಾಯಿ. "ಮಧ್ಯಾಹ್ನ ಆ ವಾಂಗನ್ನ ತೆಗೆದ್ನಲ್ಲ, ಹಂಗೇ ತೆಗೀಲಿ ಅತ್ಲಾಗಿ!"